ಜಡ್ಜ್ ಫ್ರಾಂಕ್ ಜಾನ್ಸನ್ ಊರು ಬಿಡ್ಲಿಲ್ಲ ಯಾಕೆ?

ಪ್ರಶ್ನೆ: ನಮಸ್ತೆ ಸರ್, ನಾನು ಮಡಿಕೇರೀಲಿ ಒಬ್ರು ಸೀನಿಯರ್ ಲಾಯರ್ ಹತ್ರ ಜೂನಿಯರ್ ಆಗಿದೀನಿ. ನಮ್ಮ ಕೋರ್ಟಿಗೆ ಬರೋ ಜಡ್ಜ್ ಸಾಹೇಬ್ರು ಕೆಲವೇ ವರ್ಷದಲ್ಲಿ ಟ್ರಾನ್ಸ್‌ಫರ್ ಆಗಿ ಹೋಗ್ತಾರೆ. ಅಮೆರಿಕದಲ್ಲಿ ಫ್ರಾಂಕ್ ಜಾನ್ಸನ್ ಅನ್ನೋರು ಊರಿನ ಬಿಳಿಯರೆಲ್ಲ ದ್ವೇಷಿಸ್ತಿದ್ರೂ 1955ರಿಂದ 1979ರವರೆಗೆ ಒಂದೇ ಕೋರ್ಟಲ್ಲಿ ಇದ್ರಂತೆ, ಅದು ಹೇಗೆ?

ಉತ್ತರ: ಕಾನೂನಿನ ಉತ್ತರ ಸುಲಭ. ಅಲ್ಲಿ ಫೆಡರಲ್ ಜಡ್ಜನ್ನ ಪ್ರೆಸಿಡೆಂಟ್ ನೇಮಿಸ್ತಾರೆ, ಸೆನೆಟ್ ಒಪ್ಪಬೇಕು, ಆಮೇಲೆ ಜೀವನಪರ್ಯಂತ ಹುದ್ದೆ, ಸಂಬಳ ಕಡಿಮೆ ಮಾಡಂಗಿಲ್ಲ, ತೆಗೀಬೇಕಂದ್ರೆ ಮಹಾಭಿಯೋಗ ಒಂದೇ ದಾರಿ. ಆದ್ರೆ ಇದೆಲ್ಲ ಹುದ್ದೆಗೆ ಇರೋ ರಕ್ಷಣೆ, ಮನೆಯವರಿಗಲ್ಲ. ಜಾನ್ಸನ್ ವಿಷಯದಲ್ಲಿ ನನ್ನನ್ನ ಹಿಡಿದು ನಿಲ್ಸೋದು ಇದೇ.

ಹುಟ್ಟಿದ್ದು 1918ರಲ್ಲಿ, ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲೇ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡಿದ್ರು. ಪ್ರೆಸಿಡೆಂಟ್ ಐಸೆನ್‌ಹೋವರ್ ಇವರನ್ನ ಆ ರಾಜ್ಯದ ರಾಜಧಾನಿ ಮಾಂಟ್‌ಗೊಮರಿಗೆ ಜಡ್ಜಾಗಿ ಹಾಕಿದಾಗ ವಯಸ್ಸು 37. ಮರುವರ್ಷವೇ ಬಸ್ ಕೇಸ್ ಬಂತು, ನಾಲ್ಕು ಜನ ಕಪ್ಪು ಹೆಣ್ಣುಮಕ್ಕಳು ಹಾಕಿದ್ದು, ಅವರಲ್ಲಿ ಕ್ಲಾಡೆಟ್ ಕೋಲ್ವಿನ್ ಸೀಟು ಬಿಡಲ್ಲ ಅಂದು ಅರೆಸ್ಟ್ ಆದಾಗ ಇನ್ನೂ 15ರ ಹುಡುಗಿ. ಮೂರು ಜಡ್ಜ್‌ಗಳ ಪೀಠ, ಜಾನ್ಸನ್ ಮತ್ತೆ ರೈವ್ಸ್ ಒಂದು ಕಡೆ, ಇನ್ನೊಬ್ರು ವಿರುದ್ಧ. ಬಸ್ಸಲ್ಲಿ ಬಣ್ಣ ನೋಡಿ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪಾಯ್ತು, ಅದೇ ವರ್ಷ ಸುಪ್ರೀಂ ಕೋರ್ಟೂ ಎತ್ತಿಹಿಡೀತು. ಜಾನ್ಸನ್ ಮನೆ ಅಂಗಳದಲ್ಲಿ ಶಿಲುಬೆ ಸುಟ್ರು, ಅದು ಅಲ್ಲಿನ ಬಿಳಿ ಜನಾಂಗವಾದಿಗಳು ಬೆದರಿಸೋ ರೀತಿ. 1967ರಲ್ಲಿ ಅವರ ತಾಯಿ ಮನೆಗೇ ಬಾಂಬ್ ಇಟ್ರು, ಪುಣ್ಯಕ್ಕೆ ಆಯಮ್ಮನಿಗೆ ಏನೂ ಆಗ್ಲಿಲ್ಲ.

1965ರಲ್ಲಿ ಕಪ್ಪು ಜನ ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿಂದ ಮಾಂಟ್‌ಗೊಮರಿಗೆ ಹೊರಟ ಪಾದಯಾತ್ರೆ ಬಗ್ಗೆ ಕೊಟ್ಟ ಆರ್ಡರನ್ನ ನೀವು ಓದ್ಲೇಬೇಕು. ಮಾರ್ಚ್ 7ಕ್ಕೆ ಸೇತುವೆ ಮೇಲೆ ಪೊಲೀಸರು ಜನರನ್ನ ಹೊಡೆದು ಓಡಿಸಿದ್ರು. ಹಾಗಂತ ಜಾನ್ಸನ್ ತಕ್ಷಣ ಹೋಗಿ ಅನ್ನಲಿಲ್ಲ, ವಿಚಾರಣೆ ಮುಗಿಯೋವರೆಗೂ ಯಾತ್ರೆ ಬೇಡ ಅಂತ ಮೊದಲು ತಡೆದ್ರು, ಸಾಕ್ಷಿ ಎಲ್ಲ ಕೇಳಿ 17ನೇ ತಾರೀಕು ಅನುಮತಿ ಕೊಟ್ರು. ನಡೆದಿರೋ ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸೋ ಹಕ್ಕೂ ಅಷ್ಟೇ ದೊಡ್ಡದಿರಬೇಕು ಅನ್ನೋದು ಅವರ ವಾದದ ತಿರುಳು. ಜೊತೆಗೆ ಹೈವೇ ಕಿರಿದಾಗಿರೋ ಕಡೆ 300 ಜನಕ್ಕಿಂತ ಹೆಚ್ಚು ನಡೀಬಾರದು ಅಂತ ಷರತ್ತು. ಸುಮಾರು 87 ಕಿಲೋಮೀಟರ್, ಅಂದ್ರೆ ಮಡಿಕೇರಿಯಿಂದ ಹುಣಸೂರು ದಾಟಿ ಹೋದಷ್ಟು ದೂರ. ಎದುರು ಪಾರ್ಟಿ ಯಾರು? ಗವರ್ನರ್ ಜಾರ್ಜ್ ವಾಲೇಸ್, ಲಾ ಕಾಲೇಜಲ್ಲಿ ಜಾನ್ಸನ್ ಜೊತೇಲೇ ಓದಿದೋರು!

ಆಮೇಲೆ ಬಂದಿದ್ದು ಮಾನಸಿಕ ಆಸ್ಪತ್ರೆ ಕೇಸ್, ವಯಟ್ ವರ್ಸಸ್ ಸ್ಟಿಕ್ನಿ. ನನ್ನ ಪ್ರಕಾರ ಇದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಬ್ರೈಸ್ ಆಸ್ಪತ್ರೇಲಿ ದುಡ್ಡಿಲ್ಲ ಅಂತ ಸಿಬ್ಬಂದಿನ ತೆಗೆದಿದ್ರು, ರೋಗಿಗಳ್ನ ಕೂಡಿಹಾಕಿದ್ರು, ಚಿಕಿತ್ಸೆ ಮಾತ್ರ ಇಲ್ಲ. ಬಲವಂತವಾಗಿ ಒಳಗೆ ಇಟ್ಮೇಲೆ ಚಿಕಿತ್ಸೆ ಕೊಡೋದು ಸರ್ಕಾರದ ಕರ್ತವ್ಯ, ದುಡ್ಡಿಲ್ಲ ಅನ್ನೋ ನೆಪ ನಡೆಯಲ್ಲ ಅಂದ್ರು ಜಾನ್ಸನ್, 1972ರಲ್ಲಿ ಸಿಬ್ಬಂದಿ ಎಷ್ಟಿರಬೇಕು ಅನ್ನೋವರೆಗೂ ಬರೆದು ಕೊಟ್ರು.

1979ರಲ್ಲಿ ಮೇಲಿನ ಕೋರ್ಟಿಗೆ ಹೋದ್ರು, ಅದು ಬಡ್ತಿ. 1995ರಲ್ಲಿ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಬಂತು, 1999ರಲ್ಲಿ ತೀರಿಕೊಂಡ್ರು. ಅವರು ಕೂತಿದ್ದ ಮಾಂಟ್‌ಗೊಮರಿ ಕೋರ್ಟ್ ಕಟ್ಟಡಕ್ಕೆ ಈಗ ಅವರದ್ದೇ ಹೆಸರು.