ಸುಮ್ನೆ ಕಣ್ಮುಚ್ಚಿ ಕೂತ್ರೆ ಸೈತಾನ ಬರ್ತಾನಾ?

ಪ್ರಶ್ನೆ: ಅಕ್ಕಾ, ನಮ್ದು ತಾತನ ಕಾಲದಿಂದ ಪ್ರಾಟೆಸ್ಟೆಂಟ್ ಮನೆತನ. ಫ್ರೆಂಡ್ ಒಬ್ಳ ಜೊತೆ ರಿಟ್ರೀಟ್‌ಗೆ (ಪ್ರಾರ್ಥನಾ ಶಿಬಿರ) ಹೋಗಿದ್ದೆ, ಅಲ್ಲಿ ಸಿಸ್ಟರ್ ಒಬ್ರು ಯೇಸು ಹೆಸರನ್ನ ಮನಸ್ಸಲ್ಲೇ ಹೇಳ್ತಾ ಇಪ್ಪತ್ತು ನಿಮಿಷ ಸುಮ್ನೆ ಕೂತ್ಕೊಳ್ಳೋದು ಕಲಿಸಿದ್ರು. ನಂಗೆ ಹಿಡಿಸ್ತು, ಮನೇಲೂ ಶುರು ಮಾಡ್ದೆ. ಅತ್ತೆ ನೋಡಿ ಪಾಸ್ಟರ್‌ಗೆ ಹೇಳಿದ್ರು. ಪಾಸ್ಟರ್ ಅಂದ್ರು ಇದು ಯೋಗ, ನಮ್ದಲ್ಲ, ಮನಸ್ಸು ಖಾಲಿ ಮಾಡಿದ್ರೆ ಸೈತಾನ ಬಂದು ಕೂರ್ತಾನೆ ಅಂತ. ನಿಜಾನಾ? ನಮ್ಮನೇಲಿ ಪ್ರಾರ್ಥನೆ ಅಂದ್ರೆ ಪಕ್ಕದ್ಮನೆಗೆ ಕೇಳ್ಬೇಕು, ಇಲ್ಲಾಂದ್ರೆ ಲೆಕ್ಕಕ್ಕಿಲ್ಲ.
(ಹೆಸರು ಹಾಕ್ಬೇಡಿ ಅಂದಿದಾರೆ, ವಿದ್ಯಾನಗರ, ದಾವಣಗೆರೆ)

ಉತ್ತರ: ಇಲ್ಲಮ್ಮ, ಬರಲ್ಲ. ಆದ್ರೆ ನಿಮ್ ಪಾಸ್ಟರ್ ಹೇಳಿದ್ದು ಪೂರ್ತಿ ಗಾಳಿ ಮಾತೂ ಅಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಅವ್ರ ಮನಸ್ಸಲ್ಲಿರೋದು ಬೈಬಲಿನ ಮತ್ತಾಯ ಪುಸ್ತಕದ 12ನೇ ಅಧ್ಯಾಯ ಇರ್ಬೇಕು, ದೆವ್ವ ಬಿಟ್ಟುಹೋದ ಮನೆ ಗುಡಿಸಿ ಖಾಲಿ ಬಿದ್ದಿರೋದು ನೋಡಿ ಇನ್ನೂ ಏಳನ್ನ ಕರ್ಕೊಂಡು ವಾಪಸ್ ಬರುತ್ತಲ್ಲ, ಆ ಮಾತು. ಅಲ್ಲಿ ತೊಂದರೆ ಆಗಿದ್ದು ಮನೇಲಿ ಯಾರೂ ಇರ್ಲಿಲ್ಲ ಅಂತ. ನೀವು ಕೂತಾಗ ಒಳಗಡೆ ಯೇಸು ಹೆಸರು ಇದೆ, ಖಾಲಿ ಎಲ್ಲಿಂದ ಆಯ್ತು? ಇನ್ನೊಂದು ಬಾಣನೂ ಬರುತ್ತೆ, ಈಗ್ಲೇ ಹೇಳಿಬಿಡ್ತೀನಿ: ಅನ್ಯಜನರ ಹಾಗೆ ಹೇಳಿದ್ದೇ ಹೇಳ್ಬೇಡಿ ಅಂತ ಮತ್ತಾಯ 6:7 ಇದೆಯಲ್ಲಾ ಅಂತಾರೆ. ಇದೆ. ಅದೇ ಮತ್ತಾಯದಲ್ಲಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೂರನೇ ಸಲ ಹೋಗಿ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದ್ರು ಅಂತಾನೂ ಇದೆ (26:44). ಮತ್ತೆ ಮತ್ತೆ ಹೇಳೋದು ತಪ್ಪಲ್ಲ, ಜಾಸ್ತಿ ಹೇಳಿದ್ರೆ ದೇವರು ಜಾಸ್ತಿ ಕೇಳ್ತಾನೆ ಅನ್ಕೊಳ್ಳೋದು ತಪ್ಪು. ಆ ಲೆಕ್ಕದಲ್ಲಿ ನೋಡಿದ್ರೆ ಮೈಕ್ ಹಿಡಿದು ಒಂದೂವರೆ ಗಂಟೆ ಕೂಗೋರೂ ಆ ವಚನ ಓದ್ಕೋಬೇಕಾಗುತ್ತೆ, ಇರ್ಲಿ.

ಈಗ "ನಮ್ದಲ್ಲ" ಅನ್ನೋದಕ್ಕೆ ಬರೋಣ. ಈಜಿಪ್ಟಿನ ಮರಳುಗಾಡಿನಲ್ಲಿ ಸನ್ಯಾಸಿಗಳಿದ್ರು, ಅವ್ರ ಹತ್ರ ಇದ್ದು ಕಲಿತುಕೊಂಡು ಬಂದು ಕ್ಯಾಸಿಯನ್ ಅನ್ನೋರು ಕ್ರಿ.ಶ. 400 ದಾಟಿದ ಮೇಲೆ ಬರೆದಿಟ್ಟಿದಾರೆ. ಕೀರ್ತನೆ 70ರ ಮೊದಲನೇ ವಚನ ಇದೆಯಲ್ಲ, ದೇವರೇ ಬೇಗ ಬಂದು ಸಹಾಯ ಮಾಡು ಅನ್ನೋದು, ಅದೊಂದನ್ನೇ ಹಿಡ್ಕೋ, ಕೂತ್ರೂ ಎದ್ರೂ ಮಲಗಿದ್ರೂ ಬಿಡ್ಬೇಡ ಅಂತ. ಬೆನೆಡಿಕ್ಟಿನ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿಗಳ ಮಠಗಳಲ್ಲಿ ಇವತ್ತಿಗೂ ವೇಳೆವೇಳೆಯ ಪ್ರಾರ್ಥನೆ ಆ ವಚನದಿಂದಾನೇ ಶುರು. ಪೂರ್ವದ ಸಭೆಗಳಲ್ಲಿ, ಅಂದ್ರೆ ಗ್ರೀಸ್ ರಷ್ಯಾ ಕಡೆ, ಕರ್ತನಾದ ಯೇಸು ಕ್ರಿಸ್ತನೇ ಪಾಪಿಯಾದ ನನ್ನನ್ನು ಕರುಣಿಸು ಅನ್ನೋದನ್ನ ಉಸಿರಿನ ಜೊತೆ ಹೇಳ್ಕೊಳ್ಳೋ ಅಭ್ಯಾಸ ಶತಮಾನಗಳಿಂದ ಬಂದಿದೆ, ಅಥೋಸ್ ಬೆಟ್ಟದ ಸನ್ಯಾಸಿಗಳು ಇದನ್ನ ಮಾಡ್ತಾರೆ. 14ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹೆಸರು ಹೇಳದ ಯಾರೋ ಒಬ್ರು ಒಂದು ಚಿಕ್ಕ ಪದ ಸಾಕು, ನಿನಗೂ ದೇವರಿಗೂ ನಡುವೆ ಇರೋ ಮೋಡವನ್ನ ಅದರಿಂದಾನೇ ಬಡಿ ಅಂತ ಪುಸ್ತಕಾನೇ ಬರೆದಿದಾರೆ. ಆಗ ಯುರೋಪಿನಲ್ಲಿ ಯೋಗ ಕ್ಲಾಸ್ ಎಲ್ಲಿತ್ತು?

ಅಯ್ಯೋ ಅವೆಲ್ಲ ಕ್ಯಾಥೊಲಿಕ್‌ನೋರ ಕಥೆ ಅಂತಾರೇನೋ. ಜರ್ಮನಿಯ ಒಂದು ಅನುಭಾವದ ಪುಸ್ತಕವನ್ನ ಹುಡುಕಿ ತೆಗೆದು 1518ರಲ್ಲಿ ಪೂರ್ತಿ ಅಚ್ಚು ಹಾಕಿಸಿದ್ದು ಯಾರು ಗೊತ್ತಾ, ಪ್ರಾಟೆಸ್ಟೆಂಟ್ ದಾರಿಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್. ಟೆರ್‌ಸ್ಟೀಗನ್ ಅಂತ ಇನ್ನೊಬ್ರು, ಪಕ್ಕಾ ಪ್ರಾಟೆಸ್ಟೆಂಟ್, ದೇವರು ಇಲ್ಲೇ ಇದಾನೆ, ನಮ್ಮೊಳಗೆ ಇರೋದೆಲ್ಲ ಮೌನವಾಗಲಿ ಅಂತ 1729ರಲ್ಲೇ ಹಾಡು ಬರೆದ್ರು, ಜರ್ಮನ್ ಸಭೆಗಳಲ್ಲಿ ಈಗ್ಲೂ ಹಾಡ್ತಾರೆ.

ಹಾಗಾದ್ರೆ ನಮಗೇಕೆ ಸಿಗ್ಲಿಲ್ಲ? ಒಂದು ಕಡೆ ಸುಧಾರಣೆ ಕಾಲದಲ್ಲಿ, ಅಂದ್ರೆ ಪ್ರಾಟೆಸ್ಟೆಂಟರು ಕ್ಯಾಥೊಲಿಕರಿಂದ ಬೇರೆಯಾದಾಗ, ಮಠಗಳು ಮುಚ್ಚಿದ್ವು, ಮಠದ ಜೊತೆ ಮೌನಾನೂ ಹೋಯ್ತು. ಇನ್ನೊಂದು ಕಡೆ ಕ್ಯಾಥೊಲಿಕರಲ್ಲೇ ಮೊಲಿನೋಸ್ ಅನ್ನೋ ಸ್ಪೇನಿನ ಪಾದ್ರಿ ಏನೂ ಮಾಡ್ಬೇಡಿ ಸುಮ್ನೆ ಇದ್ಬಿಡಿ ಅನ್ನೋದನ್ನ ಅತಿಗೆ ತಗೊಂಡು ಹೋದ್ರು, 1687ರಲ್ಲಿ ಪೋಪ್ ಅದನ್ನ ಖಂಡಿಸಿದ್ರು, ಆಮೇಲೆ ಮೌನ ಅಂದ್ರೇನೇ ಅನುಮಾನ ಶುರುವಾಯ್ತು. ಧ್ಯಾನ ಏನಿದ್ರೂ ಮಠದ ಗೋಡೆ ಒಳಗಿರೋ ಸನ್ಯಾಸಿನಿಯರಿಗೆ, ನಿಮಗೆಲ್ಲ ಯಾಕೆ, ನೀವು ಮಂತ್ರ ಹೇಳಿ ಕಾಣಿಕೆ ಹಾಕಿ ಹೋಗಿ ಅನ್ನೋ ಹಾಗಾಯ್ತು. ನನ್ನ ತಕರಾರು ಇರೋದೇ ಇಲ್ಲಿ. ಮಿಷನರಿಗಳು ನಮ್ ಕಡೆ ಬರೋ ಹೊತ್ತಿಗೆ ಸ್ಕೂಲು, ಆಸ್ಪತ್ರೆ, ಹಾಡಿನ ಪುಸ್ತಕ ಎಲ್ಲ ಬಂತು, ದೊಡ್ಡ ಉಪಕಾರ, ಇದೊಂದು ಮಾತ್ರ ಸಾಮಾನ್ಯ ಜನರ ಕೈಗೆ ಬರ್ಲೇ ಇಲ್ಲ.

ಪಾಸ್ಟರ್ ಮಾತಲ್ಲಿ ಸ್ವಲ್ಪ ಹುರುಳಿದೆ ಅಂದೆನಲ್ಲ, ಅದು ಇದು. ಈಗ ರಿಟ್ರೀಟ್‌ಗಳಲ್ಲಿ ಕಲಿಸೋ ಪದ್ಧತಿಯಲ್ಲಿ ಒಂದು ಜಾನ್ ಮೇನ್ ಅನ್ನೋರಿಂದ ಬಂದಿದ್ದು. ಅವ್ರು 1950ರ ದಶಕದಲ್ಲಿ ಮಲಯಾದಲ್ಲಿ (ಈಗಿನ ಮಲೇಷ್ಯಾ) ಸರ್ಕಾರಿ ಕೆಲಸದಲ್ಲಿದ್ದಾಗ ಕೌಲಾಲಂಪುರದ ಸ್ವಾಮಿ ಸತ್ಯಾನಂದ ಅನ್ನೋರ ಹತ್ರಾನೇ ಕೂತು ಕಲಿತದ್ದು, ಅದನ್ನ ಅವ್ರೇನೂ ಮುಚ್ಚಿಡ್ಲಿಲ್ಲ. ಲಂಡನ್ನಿನಲ್ಲಿ ಬೆನೆಡಿಕ್ಟಿನ್ ಮಠ ಸೇರಿದ್ಮೇಲೆ ಇದು ಕ್ರೈಸ್ತರದ್ದಲ್ಲ ಬಿಡು ಅಂದ್ರು, ಬಿಟ್ರು. ಎಷ್ಟೋ ವರ್ಷ ಆದ್ಮೇಲೆ ಮೇಲೆ ಹೇಳಿದ್ನಲ್ಲ ಆ ಕ್ಯಾಸಿಯನ್‌ನ ಓದ್ತಾ ಇರುವಾಗ, ಅರೆ ಇದು ನಮ್ಮನೇಲೇ ಇತ್ತಲ್ಲ ಅಂತ ಗೊತ್ತಾಯ್ತು, 1975ರಲ್ಲಿ ಮಠದಲ್ಲೇ ಜನಸಾಮಾನ್ಯರಿಗೆ ಕಲಿಸೋಕೆ ಶುರು ಮಾಡಿದ್ರು. ಪಕ್ಕದ್ಮನೆಯವ್ರ ಮನೇಲಿ ಒಂದು ಪಾತ್ರೆ ನೋಡಿ ನಮ್ಮ ಅಟ್ಟದ ಮೇಲೂ ಇಂಥದ್ದೇ ಇದೆಯಲ್ಲ ಅಂತ ನೆನಪಾಗೋದು ಕಳ್ಳತನ ಅಲ್ಲ. 1989ರಲ್ಲಿ ವ್ಯಾಟಿಕನ್‌ನಿಂದ ಬಂದ ಪತ್ರಾನೂ ಬೇರೆ ಧರ್ಮಗಳ ಪದ್ಧತಿ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕ್ಬೇಡಿ ಅಂತಾನೇ ಹೇಳುತ್ತೆ. ಜೊತೆಗೆ ಒಂದು ಎಚ್ಚರಿಕೆ: ಮೈಗೆ ಹಾಯಾಗಿ ಅನ್ಸೋದನ್ನೇ ಪವಿತ್ರಾತ್ಮ ಅಂದ್ಕೋಬೇಡಿ ಅಂತ. ಆ ಎಚ್ಚರಿಕೆ ನಂಗೆ ಬಹಳ ಸರಿ ಅನ್ಸುತ್ತೆ, ಯಾಕಂದ್ರೆ ಈಗ ಎಲ್ಲಾದಕ್ಕೂ ಸ್ಟ್ರೆಸ್ ಕಡಿಮೆ ಆಗುತ್ತೆ ಅನ್ನೋ ಲೇಬಲ್ ಹಚ್ಚಿ ಮಾರ್ತಾರೆ.

ಮಾಡೋದು ಹೇಗೆ ಅಂದ್ರೆ, ಸಿಸ್ಟರ್ ಹೇಳಿದ ಹಾಗೇ ಮಾಡಿ, ಕುರ್ಚಿ ಸಾಕು, ಬೆನ್ನು ನೆಟ್ಟಗಿರ್ಲಿ, ಆಗಾಗ ಪದ ಬದಲಾಯಿಸ್ಬೇಡಿ. ಬೆಳಿಗ್ಗೆ ಸಂಜೆ ಇಪ್ಪತ್ತಿಪ್ಪತ್ತು ನಿಮಿಷ ಅಂತಾರೆ, ಟಿಫಿನ್ ಬಾಕ್ಸ್ ಕಟ್ಟೋ ಮನೇಲಿ ಹತ್ತು ಸಿಕ್ಕಿದ್ರೆ ಹತ್ತು. ಯೋಚನೆ ಬರುತ್ತೆ, ಬರ್ಲಿ, ಅದ್ರ ಜೊತೆ ಕುಸ್ತಿಗೆ ಇಳೀಬೇಡಿ, ವಾಪಸ್ ಹೆಸರಿಗೆ ಬನ್ನಿ ಅಷ್ಟೇ. ಬೆಳಕು ಕಾಣ್ಲಿಲ್ಲ ಕಣ್ಣೀರು ಬರ್ಲಿಲ್ಲ ಅಂತ ಬೇಜಾರು ಬೇಡ, ಅಂಥದ್ದೇನಾದ್ರೂ ಬಂದ್ರೂ ಅದನ್ನ ಹಿಡ್ಕೊಂಡು ಕೂರ್ಬೇಡ ಅಂತಾನೇ 16ನೇ ಶತಮಾನದ ಸ್ಪೇನಿನ ಸಂತ ಶಿಲುಬೆಯ ಯೋಹಾನರು ಹೇಳಿದ್ದು. ಅದೇ ಕಾಲದ ಸಂತೆ ಅವಿಲಾದ ತೆರೇಸಮ್ಮ ಇನ್ನೂ ನೇರ: ದೇವರ ಮೇಲೆ ಪ್ರೀತಿ ಇದೆಯೋ ಇಲ್ವೋ ಗೊತ್ತಾಗಲ್ಲ, ಪಕ್ಕದೋರ ಮೇಲೆ ಇದೆಯಾ ನೋಡ್ಕೋ ಅಂತಾರೆ. ನಿಮ್ ಕೇಸಲ್ಲಿ ಪಕ್ಕದೋರು ಅಂದ್ರೆ ಅತ್ತೆ! ನಾನು ಧ್ಯಾನ ಮಾಡ್ತೀನಿ ನೀವು ಕೂಗಾಡ್ತೀರಿ ಅಂತ ಒಂದ್ಸಲ ಬಾಯಿಬಿಟ್ರೆ ಅಲ್ಲಿಗೆ ಮುಗೀತು. ಅವ್ರ ಜೊತೆ ಸಂಜೆ ಪ್ರಾರ್ಥನೆಗೆ ಕೂತ್ಕೊಳ್ಳಿ, ಜೋರಾಗೇ ಹಾಡಿ, ಕೀರ್ತನೆಗಳಲ್ಲಿ ಕೂಗೋದೂ ಬೇಕಾದಷ್ಟಿದೆ. ಮತ್ತೆ ಒಂದು ಮಾತು, ಇದು ಎಲ್ರಿಗೂ: ಖಿನ್ನತೆಗೋ ಬೇರೆದಕ್ಕೋ ಡಾಕ್ಟ್ರ ಹತ್ರ ಮಾತ್ರೆ ತಗೊಳ್ತಿದ್ರೆ ಅವ್ರನ್ನ ಕೇಳಿ ಶುರು ಮಾಡಿ, ಧ್ಯಾನ ಮಾಡ್ತಿದೀನಿ ಅಂತ ಮಾತ್ರೆ ಬಿಡ್ಬೇಡಿ.

ಪ್ರಶ್ನೆ: ಮೇಡಂ, ನಾನು ರಿಟೈರ್ಡ್ ಮೇಷ್ಟ್ರು, ಕ್ಯಾಥೊಲಿಕ್. ಬೆಳಿಗ್ಗೆ ಚಂದ್ರವಳ್ಳಿ ಕಡೆ ವಾಕಿಂಗ್ ಹೋಗ್ತಾ ಜಪಸರ ಹೇಳ್ತೀನಿ. ಬಾಯಿ ನಮೋ ಮರಿಯಾ ಅನ್ನುತ್ತೆ, ತಲೆ ಪೆನ್ಷನ್ ಅರಿಯರ್ಸ್ ಲೆಕ್ಕ ಹಾಕುತ್ತೆ. ನೀವೆಲ್ಲ ಹೇಳೋ ಧ್ಯಾನದ ಮುಂದೆ ಇದು ಕೆಳಗಿನ ದರ್ಜೆದಾ?
(ಚಿತ್ರದುರ್ಗದಿಂದ ಒಬ್ಬ ಓದುಗರು)

ಉತ್ತರ: ಸಾರ್, ಖಂಡಿತ ಅಲ್ಲ, ಓದುಬರಹ ಬಾರದ ಅಜ್ಜಿಯರ ಕೈಯಲ್ಲಿ ಧ್ಯಾನ ಉಳಿದಿದ್ದು ಆ ಸರದಿಂದಾನೇ. ಆದ್ರೆ ಸ್ಪೀಡ್ ನೋಡ್ಕೊಳ್ಳಿ. ಧ್ಯಾನ ಇಲ್ಲದ ಜಪಸರ ಆತ್ಮ ಇಲ್ಲದ ದೇಹ ಅಂತ ಆರನೇ ಪೌಲ್ ಪೋಪ್ 1974ರಲ್ಲಿ ಬರೆದ್ರು, 2002ರಲ್ಲಿ ಎರಡನೇ ಜಾನ್ ಪಾಲ್ ಬೆಳಕಿನ ಐದು ರಹಸ್ಯ (ರಹಸ್ಯ ಅಂದ್ರೆ ಹತ್ತು ಮಣಿ ಹೇಳ್ತಾ ಮನಸ್ಸಲ್ಲಿ ನೆನೆಯೋ ಯೇಸು-ಮರಿಯಮ್ಮನ ಬದುಕಿನ ಒಂದು ಘಟನೆ) ಸೇರಿಸಿದಾಗ ಅದೇ ಮಾತು ನೆನಪು ಮಾಡಿ, ಪ್ರತಿ ರಹಸ್ಯ ಹೇಳಿದ್ಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಶುರು ಮಾಡಿ ಅಂದ್ರು. ನಮ್ಮಲ್ಲಿ ಅದನ್ನ ಪಾಲಿಸೋರು ಕಮ್ಮಿ, ಬಸ್ ಹಿಡಿಯೋರ ಥರ ಓಡಿಸ್ತೀವಿ. ಐದು ರಹಸ್ಯ ಮುಗಿಸ್ಲೇಬೇಕು ಅನ್ನೋ ಹಟ ಬಿಟ್ಟು ಒಂದಿನ ಒಂದೇ ರಹಸ್ಯ, ಹತ್ತೇ ಮಣಿ ಹೇಳಿ ನೋಡಿ. ಪೆನ್ಷನ್ ನೆನಪಾದ್ರೆ ಅದನ್ನೂ ಮಾತೆ ಕೈಗೆ ಕೊಟ್ಟು ಮುಂದಿನ ಮಣಿಗೆ ಹೋಗಿ. ನಿಮ್ಗಂತೂ ಜಾಗಾನೂ ಸಿಕ್ಕಿದೆ, ಅಲ್ಲಿ ಅಂಕಲಿ ಮಠದ ಗುಹೆ ಇಳಿದು ನೋಡಿರ್ತೀರಿ, ಆ ನೆಲದೊಳಗಿನ ಕತ್ತಲೆ ಕೋಣೆಗಳು. ನಮ್ ದುರ್ಗದಲ್ಲಿ ಸುಮ್ನೆ ಕೂರೋದು ಯಾರಿಗೂ ಹೊಸದಲ್ಲ ಸಾರ್.

ಪ್ರಶ್ನೆ: ಅಕ್ಕ, ನಮ್ ಚರ್ಚಿನ ಯೂತ್ ಗ್ರೂಪ್‌ನೋರಿಗೆ ಈ ಮೌನ ಧ್ಯಾನದಲ್ಲಿ ಆಸಕ್ತಿ ಬಂದಿದೆ. ಎಲ್ಲಿಗೆ ಹೋದ್ರೆ ಒಳ್ಳೇದು? ಆಶ್ರಮಕ್ಕಾ, ಇಲ್ಲ ಆ್ಯಪ್ ಸಾಕಾ?
(ಹರಿಹರದ ಹುಡುಗ)

ಉತ್ತರ: ಆ್ಯಪ್‌ನ ಟೈಮರ್ ಆಗಿ ಬಳಸು ಸಾಕು. ಆಶ್ರಮಕ್ಕೆ ಹೋಗೋದಾದ್ರೆ ತಮಿಳುನಾಡಿನಲ್ಲಿ ಕುಳಿತಲೈ ಹತ್ರ ಕಾವೇರಿ ದಡದಲ್ಲಿ ಶಾಂತಿವನಂ ಇದೆ, 1950ರಲ್ಲಿ ಇಬ್ರು ಫ್ರೆಂಚ್ ಪಾದ್ರಿಗಳು ಕಟ್ಟಿದ್ದು, ಆಮೇಲೆ ಬೀಡ್ ಗ್ರಿಫಿತ್ಸ್ ಅನ್ನೋರು ನಡೆಸಿದ್ದು. ಮೈಸೂರಲ್ಲಿ ಫಾದರ್ ಅಮಲೋರ್ಪವದಾಸ್ ಶುರು ಮಾಡಿದ ಅಂಜಲಿ ಆಶ್ರಮ ಇದೆ, ನಿಮಗೆ ಅದೇ ಹತ್ರ. ಹೋಗಿ ಬನ್ನಿ, ಒಳ್ಳೇದೇ. ಆದ್ರೆ ಒಂದು ವಿಷಯ ನಂಗೆ ಯಾವಾಗ್ಲೂ ಚುಚ್ಚುತ್ತೆ: ಇಷ್ಟು ವರ್ಷದಿಂದ ಈ ಆಶ್ರಮಗಳಿದ್ರೂ ಅಲ್ಲಿನ ಮೌನ ನಮ್ಮ ಭಾನುವಾರದ ಪೂಜೆಗೆ ಬಂದಿಲ್ಲ. ಮೊದ್ಲು ಮಠದ ಗೋಡೆ ಒಳಗಿತ್ತು, ಈಗ ಆಶ್ರಮದ ಬೇಲಿ ಒಳಗೆ.

ಅದಕ್ಕೆ ನಂಗೆ ಕೇಳಿದ್ರೆ ನಿಮ್ ಚರ್ಚಿನಲ್ಲೇ ಶುರು ಮಾಡಿ. ಪರಮಪ್ರಸಾದ ಕೊಟ್ಟಾದ್ಮೇಲೆ ಸ್ವಲ್ಪ ಹೊತ್ತು ಮೌನ ಇರ್ಬಹುದು ಅಂತ ಪೂಜಾವಿಧಿಯಲ್ಲೇ ಜಾಗ ಇಟ್ಟಿದಾರೆ, ಹೊಸದಾಗಿ ಯಾರ ಪರ್ಮಿಷನ್ನೂ ಬೇಡ. ನಾವು ಆ ಜಾಗಕ್ಕೆ ಇನ್ನೊಂದು ಹಾಡು ತುರುಕ್ತೀವಿ, ಆಮೇಲೆ ಹುಂಡಿ ಲೆಕ್ಕ, ಪಿಕ್ನಿಕ್ ಅನೌನ್ಸ್‌ಮೆಂಟು. ಫಾದರ್‌ನ ಕೇಳಿ, ತಿಂಗಳಿಗೊಂದು ಭಾನುವಾರ ಆ ಜಾಗದಲ್ಲಿ ಮೂರು ನಿಮಿಷ ಏನೂ ಬೇಡ ಅಂತ. ಸೆಪ್ಟೆಂಬರ್ 8ರ ಆರೋಗ್ಯ ಮಾತೆ ಹಬ್ಬದ ಗದ್ದಲದಲ್ಲಿ ಮಾತ್ರ ಕೇಳೋಕೆ ಹೋಗ್ಬೇಡಿ, ಅವತ್ತು ಅವ್ರಿಗೆ ಉಸಿರಾಡೋಕೂ ಪುರ್ಸೊತ್ತಿರಲ್ಲ, ಮುಗಿದು ಒಂದ್ವಾರ ಆಗ್ಲಿ. ಒಪ್ಪಿದ್ರೆ ಮೈಕ್ ಸೆಟ್‌ನೋನಿಗೆ ಮೊದ್ಲೇ ಹೇಳಿಡಿ, ಇಲ್ಲಾಂದ್ರೆ ಏನೋ ಕೆಟ್ಟೋಯ್ತು ಅಂದ್ಕೊಂಡು ಮಧ್ಯದಲ್ಲಿ ಹಲೋ ಹಲೋ ಮೈಕ್ ಟೆಸ್ಟಿಂಗ್ ಅಂತಾನೆ.