ಬಿಸಿಲಿನ ಚಿತ್ರಗಳು ಮಾತ್ರ ಕಪ್ಪಾಗುವುದೇಕೆ? ಹಳೆಯ ಆಟೋಫೋಕಸ್ ಕ್ಯಾಮೆರಾ ಕುರಿತು ಉತ್ತರ

ಪ್ರಶ್ನೆ: ನಮ್ಮ ತಂದೆಯವರ ಕ್ಯಾನನ್ ಇಒಎಸ್ 650 ಕ್ಯಾಮೆರಾ ಹದಿನೈದು ವರ್ಷಗಳಿಂದ ಬೀರುವಿನಲ್ಲಿತ್ತು. ಹೊಸ ಬ್ಯಾಟರಿ ಹಾಕಿ ಒಂದು ರೀಲು ತೆಗೆದು ತೊಳೆಸಿದೆ. ಮನೆಯೊಳಗಿನ ಚಿತ್ರಗಳು ಚೆನ್ನಾಗಿವೆ. ಬಿಸಿಲಿನಲ್ಲಿ ತೆಗೆದವು ಅರ್ಧಕ್ಕರ್ಧ ಕಪ್ಪಾಗಿವೆ. ಕೆಲವೊಮ್ಮೆ ಫೋಕಸ್ ಕೂಡ ನಿಲ್ಲದೆ ತಡಕಾಡುತ್ತದೆ. ಎಲೆಕ್ಟ್ರಾನಿಕ್ ಭಾಗಗಳು ಕೆಟ್ಟಿವೆಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮನೆಯೊಳಗಿನ ಚಿತ್ರಗಳು ಸರಿಯಾಗಿ ಬಂದಿವೆ ಎಂದು ನೀವು ಬರೆದಿರುವುದರಿಂದ ಸರ್ಕ್ಯೂಟು, ಬೆಳಕು ಅಳೆಯುವ ಮೀಟರು, ರೀಲು ಸುತ್ತುವ ಮೋಟಾರು ಇವೆಲ್ಲವೂ ಕೆಲಸ ಮಾಡುತ್ತಿವೆ ಎಂದು ಧೈರ್ಯವಾಗಿ ಹೇಳಬಹುದು. ದೋಷ ಇರುವುದು ಬಹುಮಟ್ಟಿಗೆ ಷಟರಿನಲ್ಲಿ, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲಿನಲ್ಲಿ. 1987ರ ಮಾರ್ಚಿನಲ್ಲಿ ಬಂದ ಈ ಕ್ಯಾಮೆರಾದಲ್ಲಿಯೂ ಅದೇ ಪೀಳಿಗೆಯ 620, 600 ಮಾದರಿಗಳಲ್ಲಿಯೂ, ವೇಗವಾಗಿ ಓಡಿ ಬರುವ ಷಟರಿನ ಎಲೆಗಳು ಬಡಿದು ಪುಟಿಯದಂತೆ ತಡೆಯಲು ಒಂದು ಪುಟ್ಟ ಮೆತ್ತೆಯನ್ನು ಇಟ್ಟಿದ್ದಾರೆ. ಮೂರು ದಶಕ ದಾಟಿದ ಮೇಲೆ ಆ ಮೆತ್ತೆ ಕರಗಿ, ಹಲಸಿನ ಮೇಣದಂತೆ ಅಂಟಂಟಾಗಿ, ಎಲೆಗಳ ಮೇಲೆ ಹರಡಿಕೊಳ್ಳುತ್ತದೆ.

ಬಿಸಿಲಿನ ಚಿತ್ರಗಳೇ ಏಕೆ ಕೆಡುತ್ತವೆ ಎಂಬುದು ಲೆಕ್ಕದಿಂದ ತಿಳಿಯುತ್ತದೆ. ಷಟರಿನ ಎಲೆಗಳು ಎರಡು ಪರದೆಗಳಾಗಿ ಓಡುತ್ತವೆ, ಮೊದಲನೆಯದು ಬೆಳಕಿಗೆ ದಾರಿ ತೆರೆದರೆ ಎರಡನೆಯದು ಮುಚ್ಚುತ್ತದೆ. ಅಂಟಿನಿಂದಾಗಿ ಮೊದಲ ಪರದೆ ಬಿಡಿಸಿಕೊಂಡು ಹೊರಡುವುದು ಒಂದೆರಡು ಮಿಲಿಸೆಕೆಂಡು ತಡವಾಯಿತು ಎಂದಿಟ್ಟುಕೊಳ್ಳಿ. ಮನೆಯೊಳಗೆ 1/60 ಸೆಕೆಂಡಿನಲ್ಲಿ ತೆಗೆಯುವಾಗ ಷಟರು ಸುಮಾರು 17 ಮಿಲಿಸೆಕೆಂಡು ತೆರೆದಿರುವುದರಿಂದ ಈ ವಿಳಂಬ ಕಣ್ಣಿಗೇ ಬೀಳುವುದಿಲ್ಲ. ಬಿಸಿಲಿನಲ್ಲಿ ಕ್ಯಾಮೆರಾ ತಾನಾಗಿ 1/1000 ಅಥವಾ 1/2000 ಆರಿಸಿಕೊಂಡಾಗ ಸಿಗುವ ಕಾಲ ಒಂದು ಅಥವಾ ಅರ್ಧ ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಎರಡನೆಯ ಪರದೆ ಮೊದಲನೆಯದನ್ನು ಹಿಡಿದುಬಿಡುವುದರಿಂದ ಫಿಲ್ಮಿನ ಆ ಭಾಗಕ್ಕೆ ಬೆಳಕೇ ತಲುಪುವುದಿಲ್ಲ. ಅಂಟು ಇನ್ನೂ ಹೆಚ್ಚಾದರೆ ಕ್ಯಾಮೆರಾ ನಡುವೆ ನಿಂತು, ಮೇಲ್ಭಾಗದಲ್ಲಿರುವ, ಅಂಕಿಗಳನ್ನು ತೋರಿಸುವ ಪಟ್ಟಿಯಲ್ಲಿ ಬಿ ಮತ್ತು ಸಿ ಎಂಬ ಇಂಗ್ಲಿಷ್ ಅಕ್ಷರಗಳನ್ನು ಮಿನುಗಿಸುತ್ತದೆ. ಅನೇಕರು ಅದನ್ನು ಬ್ಯಾಟರಿ ಮುಗಿದಿರುವ ಸೂಚನೆಯೆಂದು ತಿಳಿದು ವೃಥಾ ಹೊಸ ಬ್ಯಾಟರಿ ಕೊಳ್ಳುತ್ತಾರೆ.

ಇನ್ನೊಂದು ರೀಲು ಹಾಳುಮಾಡುವ ಮೊದಲು ಹೀಗೆ ಪರೀಕ್ಷಿಸಿ. ರೀಲಿಲ್ಲದ ಕ್ಯಾಮೆರಾದ ಹಿಂಬದಿ ಬಾಗಿಲು ತೆರೆದು, ಲೆನ್ಸ್ ತೆಗೆದು, ಬೆಳಕಿರುವ ಕಿಟಕಿಯ ಕಡೆಗೆ ಹಿಡಿದು 1/2000ರಲ್ಲಿ ಹತ್ತಾರು ಬಾರಿ ಷಟರು ಒತ್ತಿ ನೋಡಿ. ಪ್ರತಿ ಸಲವೂ ಇಡೀ ಚೌಕ ಒಂದೇ ಸಮನೆ ಮಿಂಚಬೇಕು. ಒಂದು ಭಾಗ ಕತ್ತಲಾಗಿ ಉಳಿದರೆ, ಅಥವಾ ಎಲೆಗಳ ಮೇಲೆ ಹೊಳೆಯುವ ಕಪ್ಪು ಕಲೆ ಕಂಡರೆ, ಸಂಶಯಕ್ಕೆ ಎಡೆಯಿಲ್ಲ.

ಒರೆಸುವ ಕೆಲಸವನ್ನು ತಾಳ್ಮೆಯುಳ್ಳವರು ಮನೆಯಲ್ಲೇ ಮಾಡಬಹುದು. ಬ್ಯಾಟರಿ ತೆಗೆದು, ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅಥವಾ ಸಿಗರೇಟ್ ಲೈಟರಿಗೆ ತುಂಬಿಸುವ ದ್ರವದಲ್ಲಿ ತುಸುವೇ ತೇವಮಾಡಿ, ಎಲೆಗಳ ಉದ್ದಕ್ಕೆ ಭಾರ ಹಾಕದೆ ಒರೆಸಿ. ದ್ರವ ತೊಟ್ಟಿಕ್ಕುವಷ್ಟಿದ್ದರೆ ಅಂಟು ಕರಗಿ ಇನ್ನಷ್ಟು ಒಳಗೆ ಇಳಿಯುತ್ತದೆ. ಒತ್ತಿದರೆ ಕಾಗದದಷ್ಟು ತೆಳುವಾದ ಎಲೆ ಬಾಗುತ್ತದೆ, ಬಾಗಿದ ಎಲೆಯನ್ನು ಸರಿಪಡಿಸಲಾಗದು. ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಹಾಕಿ ಮೂವತ್ತು ನಲವತ್ತು ಬಾರಿ ಷಟರು ಒತ್ತಿದಾಗ ಒಳಗೆ ಉಳಿದ ಅಂಟು ಮತ್ತೆ ಹೊರಬರುತ್ತದೆ, ಮತ್ತೆ ಒರೆಸಬೇಕು. ಕೈಗೆ ಹತ್ತಿದ ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಸವರುವುದು ನಮ್ಮ ಕಡೆಯ ರೂಢಿಯಾದರೂ ಇಲ್ಲಿ ಯಾವ ಎಣ್ಣೆಯೂ ಕೂಡದು, ಏಕೆಂದರೆ ಷಟರಿನ ಎಲೆಗಳು ಒಣಗಿದ್ದಾಗಲೇ ಸರಿಯಾಗಿ ಓಡುವುದು. ಉಗುರುಬಣ್ಣ ತೆಗೆಯುವ ದ್ರವವೂ ಬೇಡ, ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ.

ಆದರೆ ಮೆತ್ತೆ ಒಳಗೇ ಇರುವವರೆಗೆ ಅಂಟು ಮರಳಿ ಬರುತ್ತಲೇ ಇರುತ್ತದೆ. ಕ್ಯಾಮೆರಾ ಬಿಚ್ಚಿ ಹಳೆಯ ಮೆತ್ತೆಯನ್ನು ತೆಗೆಸುವುದೇ ನಿಜವಾದ ದುರಸ್ತಿ, ಮತ್ತು ಅದು ಅನುಭವಿ ಮೆಕ್ಯಾನಿಕರ ಕೆಲಸ. ಅಲ್ಲಿಯವರೆಗೆ ಐಎಸ್‌ಒ 100ರ ರೀಲು ಹಾಕಿ, ಷಟರನ್ನು ನೀವೇ 1/125ಕ್ಕೆ ನಿಗದಿಪಡಿಸಿದರೆ, ನಡುಹಗಲಿನ ಬಿಸಿಲಿಗೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿಯ ಅಳತೆ, 16ರ ಸುಮಾರಿಗೆ ಬರುತ್ತದೆ. ಈ ವೇಗದಲ್ಲಿ ಷಟರು ಪೂರ್ತಿ ತೆರೆದುಕೊಳ್ಳುವುದರಿಂದ ಅಂಟು ಹೆಚ್ಚಿಲ್ಲದಿದ್ದರೆ ಚಿತ್ರಗಳು ಉಳಿಯುತ್ತವೆ.

ಇನ್ನು ಫೋಕಸಿನ ವಿಚಾರ. ಮುಖ್ಯ ಕನ್ನಡಿಯ ನಡುಭಾಗ ಅರೆಪಾರದರ್ಶಕವಾಗಿದ್ದು, ಅದರ ಮೂಲಕ ಹಾದ ಬೆಳಕನ್ನು ಹಿಂದಿನ ಚಿಕ್ಕ ಕನ್ನಡಿ ತಳದಲ್ಲಿರುವ ಸೆನ್ಸರಿಗೆ ಇಳಿಸುತ್ತದೆ. ಈ ದಾರಿಯಲ್ಲಿ ದೂಳಿದ್ದರೆ ಫೋಕಸ್ ತಡಕಾಡುತ್ತದೆ. ರಬ್ಬರ್ ಬುರುಡೆಯಿಂದ ಗಾಳಿ ಊದಿ ತೆಗೆಯಿರಿ, ಕನ್ನಡಿಯನ್ನು ಮುಟ್ಟಬೇಡಿ. ಈ ಲೆನ್ಸಿನ ಮೋಟಾರು ಲೆನ್ಸಿನೊಳಗೇ ಇದ್ದು ವಿದ್ಯುತ್ತೂ ಆದೇಶವೂ ಚಿನ್ನದ ಲೇಪದ ಸಣ್ಣ ಸಂಪರ್ಕಗಳ ಮೂಲಕ ಹೋಗುವುದರಿಂದ, ಅವುಗಳನ್ನು ಒಣ ಹತ್ತಿಬಟ್ಟೆಯಿಂದ ಒರೆಸಿ. ಆ ಕಾಲದ ಸೆನ್ಸರಿಗೆ ಖಾಲಿ ಗೋಡೆ ಅರ್ಥವಾಗದು. ಗೆರೆಯೋ ಅಂಚೋ ಇರುವೆಡೆ ಹಿಡಿಯಬೇಕು, ಅದಕ್ಕೂ ನಿಲ್ಲದಿದ್ದರೆ ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿ ನೋಡಬೇಕು. ತಂದೆಯವರ ಲೆನ್ಸಿಗೆ ಮಲೆನಾಡಿನ ಮಳೆಗಾಲದ ಬೂಷ್ಟು ಹಿಡಿದಿಲ್ಲವೇ ಎಂಬುದನ್ನೂ ಟಾರ್ಚು ಬಿಟ್ಟು ನೋಡಿ. ಹಿಡಿದಿದ್ದರೆ ನಿರಾಶರಾಗಬೇಡಿ, ನಂತರ ಬಂದ, ಕ್ಯಾನನ್ನಿನ ಇಎಫ್ ಎಂಬ ಸರಣಿಯ ಲೆನ್ಸುಗಳೂ ಈ 1987ರ ಕ್ಯಾಮೆರಾಕ್ಕೆ ಕೂರುತ್ತವೆ.

ಪ್ರಶ್ನೆ: ನನ್ನ ಪುಟ್ಟ ಆಟೋಫೋಕಸ್ ಕ್ಯಾಮೆರಾದ ಫ್ಲ್ಯಾಶ್ ಬೆಳಗುತ್ತಿಲ್ಲ. ನಾನೇ ಬಿಚ್ಚಿ ನೋಡಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ದಯವಿಟ್ಟು ಬಿಚ್ಚಬೇಡಿ. ಫ್ಲ್ಯಾಶಿನ ಕೆಪಾಸಿಟರು ಸುಮಾರು 300 ವೋಲ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೆಲ್ ತೆಗೆದ ಮೇಲೂ ಅದು ಹಾಗೆಯೇ ಉಳಿದಿರಬಹುದು. ಸೆಲ್ ಕೂರುವ ಜಾಗದಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ವಿನೆಗರ್ ಸೋಕಿಸಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರು ಮೊದಮೊದಲು ನಿಧಾನವಾಗಿ ತುಂಬುತ್ತದೆ. ಹೊಸ ಸೆಲ್ ಹಾಕಿ, ಫ್ಲ್ಯಾಶ್ ಸಿದ್ಧವಾದ ದೀಪ ಹೊತ್ತುವವರೆಗೂ ಕಾದು, ನಡುನಡುವೆ ಕೆಲವು ನಿಮಿಷ ಬಿಟ್ಟು ಹಲವು ಬಾರಿ ಬೆಳಗಿಸಲು ಯತ್ನಿಸಿ. ಅದಕ್ಕೂ ಎಚ್ಚರಗೊಳ್ಳದಿದ್ದರೆ ಕೆಪಾಸಿಟರನ್ನು ಸುರಕ್ಷಿತವಾಗಿ ಬರಿದು ಮಾಡಬಲ್ಲ ಮೆಕ್ಯಾನಿಕರಿಗೆ ಒಪ್ಪಿಸಿ.