ಅಯೋವಾದ ಸಣ್ಣ ಊರಲ್ಲಿ ಕೆಲಸ ಸಿಕ್ಕಿದೆ. ಅಮೆರಿಕದ ರೈತರ ಊರು ಹೇಗಿರುತ್ತದೆ?

ಅಯೋವಾದ ಏಮ್ಸ್ ಎಂಬ ಊರಿನಲ್ಲಿ ಓದುವಾಗ ಮಣ್ಣಿನ ಸ್ಯಾಂಪಲ್ ತೆಗೆಯಲು ಜೆಫರ್ಸನ್ ಸುತ್ತಲಿನ ಹೊಲಗಳಿಗೆ ಹೋಗುತ್ತಿದ್ದೆ. ಆ ಊರಿನ ಮಾತನ್ನೇ ಹೇಳುತ್ತೇನೆ. ಜನ ಸುಮಾರು 4,200. ಅಲ್ಲಿನ ಲೆಕ್ಕದಲ್ಲಿ ಅದೇನೂ ಸಣ್ಣದಲ್ಲ, ಗ್ರೀನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಅದೇ ಮುಖ್ಯ ಊರು. ಚುನಾವಣಾ ಸಮೀಕ್ಷೆಗೆ ಹೆಸರಾದ ಜಾರ್ಜ್ ಗ್ಯಾಲಪ್ 1901ರಲ್ಲಿ ಹುಟ್ಟಿದ್ದೂ ಅಲ್ಲೇ.

ಮೊದಲು ನಮ್ಮ ಹಳ್ಳಿಯ ಚಿತ್ರ ಮರೆತುಬಿಡಿ. ನಮ್ಮಲ್ಲಿ ಮನೆಗಳೆಲ್ಲ ಒಂದೆಡೆ, ಹೊಲ ಊರಾಚೆ ಅಲ್ವಾ? ಅಲ್ಲಿ ರೈತನ ಮನೆ ಹೊಲದ ನಡುವೆ ಒಂಟಿಯಾಗಿರುತ್ತದೆ. 1785ರ ಕಾಯ್ದೆ ತಂದ ಪದ್ಧತಿಯಂತೆ ನೆಲವನ್ನು ಮೈಲಿಗೊಂದು ಚೌಕವಾಗಿ, ಅಂದರೆ 640 ಎಕರೆಯಂತೆ, ಅಳೆದು ಹಂಚಿದರು. ರಸ್ತೆಗಳೂ ಹೆಚ್ಚಾಗಿ ಆ ಗೆರೆಗಳ ಮೇಲೇ ಇವೆ. ಪಕ್ಕದ ಮನೆಗೂ ಪಿಕಪ್‌ನಲ್ಲೇ ಹೋಗಬೇಕು. ಎದುರು ಬರುವವನು ಗುರುತಿಲ್ಲದಿದ್ದರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾನೆ. ನೀವೂ ಎತ್ತಿ.

ಬೆಳೆ ಎರಡೇ: ಮೆಕ್ಕೆಜೋಳ, ಸೋಯಾ. ಅಕ್ಟೋಬರ್‌ನಲ್ಲಿ ಕೊಯ್ಲಿನ ಯಂತ್ರಗಳು ದೀಪ ಹಾಕಿಕೊಂಡು ರಾತ್ರಿಯೂ ಓಡುತ್ತವೆ. ಆಗ ಯಾರನ್ನೂ ಊಟಕ್ಕೆ ಕರೆಯಬೇಡಿ, ಬರುವುದಿಲ್ಲ. ಚಳಿಗಾಲದಲ್ಲಿ ಪುರುಸೊತ್ತು ಜಾಸ್ತಿ. ಚರ್ಚಿನ ಊಟ, ಶಾಲೆಯ ಬಾಸ್ಕೆಟ್‌ಬಾಲ್ ಪಂದ್ಯ, ಕಾಫಿ ಅಂಗಡಿಯಲ್ಲಿ ಬೆಳಗಿನ ಹರಟೆ. ನೀವು ಯಾರು, ಎಲ್ಲಿ ಮನೆ ಮಾಡಿದ್ದೀರಿ ಅನ್ನೋದು ವಾರದೊಳಗೆ ಅಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಒಂದು ಎಚ್ಚರಿಕೆ. ನಮ್ಮೂರಲ್ಲಿ ಕೇಳಿದಂತೆ "ಎಷ್ಟು ಎಕರೆ ಇದೆ?" ಅಂತ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಕೇಳಿದಷ್ಟೇ ಇರುಸುಮುರುಸು. ಮಳೆ ಬಗ್ಗೆ ಕೇಳಿ, ಅರ್ಧ ಗಂಟೆ ಮಾತಾಡುತ್ತಾರೆ.

ಎಲ್ಲವೂ ಚೆನ್ನಾಗಿದೆ ಎಂದೇನಲ್ಲ. 1981ರಲ್ಲಿ ಅಯೋವಾದಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಜಮೀನಿನ ಬೆಲೆ 1986ಕ್ಕೆ 787ಕ್ಕೆ ಇಳಿಯಿತು. ಬಡ್ಡಿ ಏರಿದಾಗ ಭೂಮಿ ನಂಬಿ ಸಾಲ ಮಾಡಿದ್ದವರು ಮುಳುಗಿದರು. ಉಳಿದವರ ಜಮೀನು ದೊಡ್ಡದಾಯಿತು, ಮನೆಗಳು ಕಡಿಮೆಯಾದವು, ಮಕ್ಕಳೂ ಕಡಿಮೆಯಾದರು. 2014ರಲ್ಲಿ ಜೆಫರ್ಸನ್ ಕಡೆಯ ಶಾಲೆಗಳೂ ಪಕ್ಕದ ಈಸ್ಟ್ ಗ್ರೀನ್ ಶಾಲೆಗಳೂ ಒಂದಾದವು. ಶಾಲೆ ಹೋದ ಸಣ್ಣ ಊರಿಗೆ ಅದರ ತಂಡವೂ ಇಲ್ಲ, ಶುಕ್ರವಾರ ಸಂಜೆ ಸೇರಲು ನೆಪವೂ ಇಲ್ಲ. ನನಗೆ ಅಂಗಡಿ ಮುಚ್ಚಿದ್ದಕ್ಕಿಂತ ಇದೇ ದೊಡ್ಡ ಪೆಟ್ಟು ಅನಿಸುತ್ತದೆ.

ಸಸ್ಯಾಹಾರಿಯಾದರೆ ಬೇಳೆ, ಸಾಂಬಾರ್ ಪುಡಿ ರಾಜ್ಯದ ರಾಜಧಾನಿ ಡೆಮಾಯ್ನ್‌ನಿಂದ ತಂದಿಟ್ಟುಕೊಳ್ಳಿ. ಅವಸರಕ್ಕೆ ಪೆಟ್ರೋಲ್ ಬಂಕಿನಲ್ಲೇ ಪಿಜ್ಜಾ ಸಿಗುತ್ತದೆ. ನಗಬೇಡಿ, ಕೇಸೀಸ್ ಬಂಕಿನ ಚೀಸ್ ಪಿಜ್ಜಾ ನಿಜಕ್ಕೂ ಚೆನ್ನಾಗಿರುತ್ತದೆ.